ಬೆನ್ನ ಮೇಲೊಂದು ಕ್ರಿಸ್‌ಮಸ್ ಮರ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಜ್ವರ ಬಂದವನನ್ನು ಯಾರೂ ವಿಚಾರಿಸುವುದಿಲ್ಲ. ಮೈಮೇಲೆ ಕಲೆಯೊಂದು ಕಂಡರೆ ಮಾತ್ರ ಪ್ರತಿ ಮಹಡಿಯಲ್ಲೂ ಒಬ್ಬ ವೈದ್ಯ ಹುಟ್ಟಿಕೊಳ್ಳುತ್ತಾನೆ. ನನ್ನ ಎದೆಯ ಮೇಲೆ ಎರಡು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಅಂಚಿನ ಒಳಗೆ ತೆಳುವಾಗಿ ಹೊಟ್ಟೇಳುವ, ಅಂಡಾಕಾರದ ಕೆಂಗಂದು ಮಚ್ಚೆ ಮೂಡಿದಾಗ ಪಕ್ಕದ ಮನೆಯ ಶೆಟ್ಟರು ಕನ್ನಡಕವನ್ನೂ ಹಾಕಿಕೊಳ್ಳದೆ, "ಗಜಕರ್ಣ ಮಾರಾಯ್ರೆ" ಎಂದು ತೀರ್ಪಿತ್ತು, ಲೋಕಲ್ ರೈಲಿನ ಡಬ್ಬಿಯಲ್ಲಿ ಜಾಹೀರಾತು ಅಂಟಿಸಿರುವ ಮುಲಾಮೊಂದರ ಹೆಸರನ್ನೂ ಹೇಳಿದರು.

ವಾರ ಕಳೆಯುವುದರೊಳಗೆ ಕುತ್ತಿಗೆಯಿಂದ ಸೊಂಟದವರೆಗೆ ಅದರ ಮರಿಗಳು ಹರಡಿದವು. ಪುತ್ತೂರಿನಿಂದ ಬಂದಿದ್ದ ಅತ್ತೆಯವರು ಸರ್ಪಸುತ್ತು ಎಂದು ನಿಶ್ಚಯಿಸಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ಸರ್ಪಸುತ್ತಾದರೆ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ, ಪಟ್ಟಿಯಂತೆ, ಉರಿಯುತ್ತಾ ಬರುತ್ತದೆ. ನನ್ನದು ಎರಡೂ ಮಗ್ಗುಲಿಗೆ ಸಮನಾಗಿ ಹಂಚಿಹೋಗಿತ್ತು, ನವೆಯೂ ಅಷ್ಟಕ್ಕಷ್ಟೆ. ಆದರೆ ಹರಕೆಯ ಎದುರು ವಾದ ಹೂಡುವ ಅಳಿಯ ನಾನಲ್ಲ.

ಮಾಟುಂಗಾದ ಚರ್ಮವೈದ್ಯೆ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರವಿಲ್ಲವೆಂದು ಗಜಕರ್ಣವನ್ನು ತಳ್ಳಿಹಾಕಿದರು. ಬೆನ್ನಿನ ಮಚ್ಚೆಗಳು ಪಕ್ಕೆಲುಬಿನ ಗುಂಟ ಇಳಿಜಾರಾಗಿ ಸಾಲುಗಟ್ಟಿ, ಪುಸ್ತಕದಲ್ಲಿ ಹೇಳಿದ ಹಾಗೆಯೇ ಕ್ರಿಸ್‌ಮಸ್ ಮರ ಬಿಡಿಸಿವೆ ಎಂದು ಸಂತೋಷಪಟ್ಟರು. ಆಮೇಲೆ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕೂಡ ಇದೇ ವೇಷದಲ್ಲಿ ಬರುವುದುಂಟಾದ್ದರಿಂದ ರಕ್ತಪರೀಕ್ಷೆಯೊಂದು ಆಗಲಿ ಎಂದು, ಪಕ್ಕದಲ್ಲೇ ಕುಳಿತಿದ್ದ ನನ್ನ ಹೆಂಡತಿಯ ಮುಖ ನೋಡದೆ ಬರೆದುಕೊಟ್ಟರು. ವರದಿ ಬರುವವರೆಗೆ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ವರದಿ ಶುದ್ಧವಾಗಿತ್ತು. ರೋಗದ ಹೆಸರು ಪಿಟಿರಿಯಾಸಿಸ್ ರೋಸಿಯಾ. 1860ರಲ್ಲಿ ಗಿಬೇರ್ ಎಂಬ ಫ್ರೆಂಚ್ ವೈದ್ಯ ಇಟ್ಟದ್ದು. ಮೈಯೊಳಗೆ ಬಾಲ್ಯದಿಂದಲೂ ಸುಮ್ಮನೆ ಮಲಗಿರುವ ಹರ್ಪಿಸ್ ಬಳಗದ 6 ಮತ್ತು 7ನೆಯ ವೈರಾಣುಗಳು ಎಚ್ಚೆತ್ತಾಗ ಇದು ಬರಬಹುದೆಂಬ ಊಹೆಯಿದೆ. ಮೊದಲು ಬಂದ ದೊಡ್ಡ ಮಚ್ಚೆ ಮುನ್ಸೂಚಕ. ಉಳಿದವು ಒಂದೆರಡು ವಾರಗಳೊಳಗೆ ಹಿಂಬಾಲಿಸುತ್ತವೆ. ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ತಾನಾಗಿ ಹೋಗುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದೆಂಬ ಭಯವಿಲ್ಲ. ಗರ್ಭಿಣಿಯರು ಮಾತ್ರ ವೈದ್ಯರಿಗೆ ತಿಳಿಸಲೇಬೇಕು. ನನಗೆ ಸಿಕ್ಕ ಚಿಕಿತ್ಸೆಯೆಂದರೆ ಕ್ಯಾಲಮೈನ್ ಲೋಷನ್, ಬಿಸಿನೀರಿನ ಸ್ನಾನಕ್ಕೆ ನಿಷೇಧ, ಬೆವರದಿರಿ ಎಂಬ ಸಲಹೆ. ಬೆಳಗಿನ ಡೊಂಬಿವಲಿ ಲೋಕಲ್‌ನಲ್ಲಿ ಬೆವರದೆ ನಿಲ್ಲುವ ವಿದ್ಯೆಯನ್ನು ಅವರು ಹೇಳಿಕೊಡಲಿಲ್ಲ.

ಮಚ್ಚೆಗಳು ಹೇಳಿದ ಅವಧಿಯೊಳಗೇ ಮಾಯವಾದವು. ಕೀರ್ತಿಯನ್ನು ಶೆಟ್ಟರ ಮುಲಾಮೂ ಅತ್ತೆಯವರ ಹರಕೆಯೂ ಹಂಚಿಕೊಂಡವು. ನಾನು ಆ ಮುಲಾಮಿನ ಮುಚ್ಚಳವನ್ನೇ ತೆರೆದಿರಲಿಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಕಪ್ಪು ಗುರುತು ಇನ್ನೂ ಕೆಲವು ತಿಂಗಳು ಉಳಿಯುತ್ತದೆಂದು ವೈದ್ಯೆ ಮೊದಲೇ ಹೇಳಿದ್ದರು. ಅದನ್ನು ಕಂಡ ಶೆಟ್ಟರು ಎರಡನೆಯ ಡಬ್ಬಿ ತಂದುಕೊಟ್ಟಿದ್ದಾರೆ.