ಮಗು 'ಸಾಕು' ಅಂದ್ರೆ ಸಾಕು ಅಂತಲೇ

ಮಗು ಸ್ವಲ್ಪ ಸಣ್ಣ ಕಂಡರೆ ಸಾಕು, ನಮ್ಮ ಕೋಲಾರದ ಕಡೆ ಮನೆಮಂದಿಯೆಲ್ಲ ತುರುಕೋಕೆ ಶುರು ಮಾಡುತ್ತಾರೆ. ಕೈಗೆ ಮೊಬೈಲ್ ಕೊಟ್ಟು, ಅದು ಕಾರ್ಟೂನ್ ನೋಡ್ತಾ ಬಾಯಿ ಬಿಟ್ಟಾಗ ಒಂದೊಂದೇ ತುತ್ತು. ತಟ್ಟೆ ಖಾಲಿ ಆದರೆ ಗೆದ್ದ ಹಾಗೆ.

ತೂಕ ನೋಡೋದು ನಮಗೆಲ್ಲ ಗೊತ್ತು. ಅಂಗನವಾಡಿಯಲ್ಲಿ ತೂಗಿ ಚಾರ್ಟಿನಲ್ಲಿ ಗುರುತು ಹಾಕುತ್ತಾರೆ. ಆದರೆ ಮಗು ಹೇಗೆ ತಿನ್ನುತ್ತೆ ಅನ್ನೋದನ್ನೂ ಅಳೆಯಬಹುದು. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಜೇನ್ ವಾರ್ಡಲ್ ಮತ್ತು ಜೊತೆಗಾರರು 2001ರಲ್ಲಿ ಇದಕ್ಕೆ ಅಂತಲೇ 35 ಪ್ರಶ್ನೆಗಳ ಪಟ್ಟಿ ಮಾಡಿದರು. ಉತ್ತರ ಕೊಡೋದು ಹೆತ್ತವರು. ಊಟ ಮುಗಿಯೋ ಮೊದಲೇ ಹೊಟ್ಟೆ ತುಂಬುತ್ತಾ? ತಿನ್ನೋಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತಾ? ಬಿಟ್ಟರೆ ಯಾವಾಗಲೂ ಬಾಯಾಡಿಸ್ತಾನೇ ಇರುತ್ತಾ? ಬೇಜಾರಾದಾಗ ಜಾಸ್ತಿ ತಿನ್ನುತ್ತಾ, ಇಲ್ಲ ಊಟಾನೇ ಬಿಡುತ್ತಾ? ಹೀಗೆ.

ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಇದನ್ನು ಬಳಸಿದ್ದಾರೆ. ತಿಂಡಿ ಕಂಡ ಕೂಡಲೇ ಬೇಕು ಅನ್ನೋ ಮಕ್ಕಳ ತೂಕ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಬೇಗ ಹೊಟ್ಟೆ ತುಂಬೋ, ನಿಧಾನಕ್ಕೆ ತಿನ್ನೋ ಮಕ್ಕಳದ್ದು ಕಡಿಮೆ. ಸಂಬಂಧ ಇದೆ, ಆದರೆ ತೂಕವನ್ನೆಲ್ಲ ಇದೊಂದೇ ತೀರ್ಮಾನಿಸಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರಲ್ಲಿ ಹುಟ್ಟಿದ ಅವಳಿ ಮಕ್ಕಳನ್ನು ನೋಡಿದಾಗ, ಬರೀ ಹಾಲು ಕುಡಿಯೋ ವಯಸ್ಸಿನ ಹಸಿವಿನಲ್ಲೂ ಹುಟ್ಟುಗುಣದ ಪಾಲು ದೊಡ್ಡದು ಅಂತ ಕಂಡಿತು. ಒಂದೇ ಮನೆ, ಒಂದೇ ಬಸ್ಸಾರು, ಅಣ್ಣ ಎರಡನೇ ಮುದ್ದೆ ಕೇಳ್ತಾನೆ, ತಮ್ಮ ಅರ್ಧಕ್ಕೇ ಎದ್ದು ಓಡ್ತಾನೆ. ಅದಕ್ಕೆ ತಾಯಿಯನ್ನ ಬೈದು ಏನು ಪ್ರಯೋಜನ?

ಒತ್ತಾಯ ಮಾಡಿಸಿಕೊಳ್ಳೋ ಮಕ್ಕಳೇ ಸಣ್ಣ ಇರೋದು ಅಂತಲೂ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಒತ್ತಾಯಕ್ಕೆ ಊಟ ಬೇಡವಾಯ್ತೋ, ಸಣ್ಣ ಅಂತ ಒತ್ತಾಯ ಶುರುವಾಯ್ತೋ? ಎರಡೂ ಇರಬಹುದು.

ಈ ಪಟ್ಟಿ ನಮ್ಮ ಮನೆಗಳಿಗೆ ಹಾಗೇ ಒಗ್ಗುತ್ತೆ ಅಂತ ನನಗೆ ಅನ್ನಿಸಲ್ಲ. 'ತಟ್ಟೆಯಲ್ಲಿ ಊಟ ಬಿಡುತ್ತಾ' ಅಂತ ಒಂದು ಪ್ರಶ್ನೆ ಇದೆ. ಬಿಡೋಕೆ ನಾವೆಲ್ಲಿ ಬಿಡ್ತೀವಿ? ಮಿಕ್ಕಿದ್ದು ಅಮ್ಮನ ಹೊಟ್ಟೆಗೆ ಹೋಗುತ್ತೆ! ತಾಯಿ ಬೆಳಗ್ಗೆಯೇ ಕೆಲಸಕ್ಕೆ ಹೋದರೆ ತಿನ್ನಿಸೋದು ಅಜ್ಜಿ. ಆಗ ಉತ್ತರ ಯಾರನ್ನ ಕೇಳಬೇಕು?

ಆದರೂ ಈ ಪ್ರಶ್ನೆಗಳಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಬೇಗ ಹೊಟ್ಟೆ ತುಂಬೋದನ್ನ ಅಲ್ಲಿ ಹಟ ಅಂತ ಬರೆದಿಲ್ಲ. ಅದೂ ಮಗುವಿನ ಒಂದು ಗುಣ, ಅಷ್ಟೇ. ನನ್ನ ತಂಗಿ ಮಗನಿಗೆ ನಾಲ್ಕು ವರ್ಷ. ಹೊಟ್ಟೆ ತುಂಬಿದ ಮೇಲೂ ಕೊಟ್ಟರೆ ತುತ್ತನ್ನ ಕೆನ್ನೆಯೊಳಗೆ ಒತ್ತರಿಸಿಕೊಂಡು ಕೂರ್ತಾನೆ. ನುಂಗಲ್ಲ, ಉಗಿಯಲ್ಲ, ಸುಮ್ನೆ ನಮ್ಮಮ್ಮನ ಮುಖ ನೋಡ್ತಾನೆ. ಅವನಿಗೆ ತನ್ನ ಹೊಟ್ಟೆ ಗೊತ್ತು. ಮೊಬೈಲ್ ಕೊಟ್ಟರೆ ಅದೂ ಮರೆತುಹೋಗುತ್ತೆ.

ತೂಕ ಏರದೆ ನಿಂತರೆ, ಇಳಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಅದು ಬೇರೆ ಮಾತು. ಆಡಿಕೊಂಡು ಚೆನ್ನಾಗಿರೋ, ತೂಕ ಸರಿಯಾಗಿ ಏರ್ತಿರೋ ಮಗುವಿಗೆ ಮಾತ್ರ ಮೊದಲು ಚಿಕ್ಕ ಮುದ್ದೆ ಹಾಕಿ. ಬೇಕಿದ್ರೆ ಕೇಳುತ್ತೆ. ಇದನ್ನ ನಮ್ಮಮ್ಮನಿಗೂ ಹೇಳಿದೆ. 'ನಿನ್ನನ್ನ ಹೀಗೆ ಬಿಟ್ಟಿದ್ರೆ ಇಷ್ಟುದ್ದ ಬೆಳೀತಿದ್ಯೇನೇ' ಅಂದರು.