ದಸರಾ ಹೆಲಿಕಾಪ್ಟರ್ ಹತ್ತಿಸುವ ಮುನ್ನ ಒಂದು ಕಾಗದ ತೋರಿಸಿ

ದಸರಾ ಬಂತೆಂದರೆ ಮೈಸೂರಿನ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್‌ನಲ್ಲಿ ಹೆಲಿಕಾಪ್ಟರ್ ರೈಡಿಗೆ ಜನ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಬೆಟ್ಟ, ಅರಮನೆ ಮೇಲಿಂದ ನೋಡುವ ಆಸೆ ಯಾರಿಗಿಲ್ಲ? ಟಿಕೆಟ್ ಎಷ್ಟು, ಎಷ್ಟು ನಿಮಿಷ ಸುತ್ತಿಸ್ತಾರೆ ಅಂತೆಲ್ಲ ವಿಚಾರಿಸ್ತೀವಿ. ಈ ಯಂತ್ರವನ್ನು ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ ಅಂತ ಮಾತ್ರ ಯಾರೂ ಕೇಳಲ್ಲ. ನಮ್ಮೂರಲ್ಲಿ ಆಟೋಗೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಕು, ರಸ್ತೆಯಲ್ಲಿ ನಿಲ್ಲಿಸಿ ಅದನ್ನು ಕೇಳುತ್ತಾರೆ.

ವಿಮಾನಗಳಿಗೆ ತಪಾಸಣೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹಾರಾಟಕ್ಕೆ ಯೋಗ್ಯ ಅಂತ ವರ್ಷ ವರ್ಷ ಪರಿಶೀಲಿಸಿ ಪ್ರಮಾಣಪತ್ರ ನವೀಕರಿಸಬೇಕು. ಇಷ್ಟು ಗಂಟೆ ಹಾರಿದ ಮೇಲೆ ಇಂಥ ಭಾಗ ನೋಡಲೇಬೇಕು ಅಂತ ನಿಯಮವೂ ಇದೆ. ನನ್ನ ತಕರಾರು ಇರೋದು, ಮಾಡಿದರೆ ಒಳ್ಳೆಯದು ಅಂತ ಹೇಳಿ ಬಿಟ್ಟುಬಿಡುವ ತಪಾಸಣೆಗಳ ಬಗ್ಗೆ. ಬೋಯಿಂಗ್ ವಿಮಾನಗಳಲ್ಲಿ ಎಂಜಿನ್ನಿಗೆ ಇಂಧನ ಬಿಡುವ, ನಿಲ್ಲಿಸುವ ಸ್ವಿಚ್ ಅಕಸ್ಮಾತ್ ಜರುಗದಂತೆ ತಡೆಯುವ ಲಾಕ್ ಪರೀಕ್ಷಿಸಿ ಅಂತ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2018ರಲ್ಲೇ ಹೇಳಿತ್ತು, ಆದರೆ ಕಡ್ಡಾಯ ಮಾಡಲಿಲ್ಲ. ಕಡ್ಡಾಯವಲ್ಲದ್ದರಿಂದ ಏರ್ ಇಂಡಿಯಾ ಅದನ್ನು ಮಾಡಿಸಿರಲಿಲ್ಲ ಅಂತ 2025ರ ಅಹಮದಾಬಾದ್ ವಿಮಾನ ದುರಂತದ ಪ್ರಾಥಮಿಕ ವರದಿಯೇ ಹೇಳುತ್ತದೆ. 260 ಜನ ಹೋದರು. ಆ ಲಾಕೇ ಕಾರಣ ಅಂತ ವರದಿ ಹೇಳಿಲ್ಲ, ನಾನೂ ಹೇಳಲ್ಲ. ಆದರೆ ಆ ವರದಿ ಬಂದ ಎರಡೇ ದಿನಕ್ಕೆ, 2025ರ ಜುಲೈ 14ರಂದು, ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಂದು ವಾರದ ಗಡುವು ಕೊಟ್ಟು ಅದೇ ಸ್ವಿಚ್ ಪರೀಕ್ಷೆ ಮಾಡಿಸಿ ಅಂತ ಆದೇಶ ಹೊರಡಿಸಿತು. ಒಂದು ವಾರದಲ್ಲಿ ಮುಗಿಯುವ ಕೆಲಸ ಆರೂವರೆ ವರ್ಷ ಯಾಕೆ ಕಾಯಬೇಕಿತ್ತು?

ಕಡ್ಡಾಯ ತಪಾಸಣೆಯನ್ನೂ ಸಡಿಲ ಮಾಡುತ್ತಾ ಹೋದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್‌ನ ಫ್ಲೈಟ್ 261 ನೋಡಿ. ಬಾಲದ ರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ಒಂದು ಉದ್ದನೆಯ ಸ್ಕ್ರೂ, ಅದಕ್ಕೊಂದು ನಟ್ಟು. ಮೊದಲು ಕೆಲವು ನೂರು ಗಂಟೆ ಹಾರಿದ ಮೇಲೆ ಅದಕ್ಕೆ ಗ್ರೀಸ್ ಹಾಕಲೇಬೇಕಿತ್ತು. ಆ ಅವಧಿ ಬೆಳೆದು ಬೆಳೆದು 8 ತಿಂಗಳಾಯಿತು, ಅದಕ್ಕೆ ಸರ್ಕಾರಿ ನಿಯಂತ್ರಕರ ಒಪ್ಪಿಗೆಯೂ ಸಿಕ್ಕಿತು. 1997ರಲ್ಲಿ ನಟ್ಟಿನ ಸವೆತ ಅಳೆದಾಗ ಮಿತಿಯ ಅಂಚಿಗೆ ಬಂದಿತ್ತು, ಬದಲಾಯಿಸಬೇಕು ಅಂತ ಬರೆದಿದ್ದರು. ಆಮೇಲೆ ಮತ್ತೆ ಅಳೆದವರು ಕಡಿಮೆ ಸಂಖ್ಯೆ ಬಂತು ಅಂತ ಪಾಸು ಮಾಡಿ ಕಳಿಸಿದರು. 2000ದ ಜನವರಿ 31ರಂದು ವಿಮಾನ ಪೆಸಿಫಿಕ್ ಸಾಗರಕ್ಕೆ ಬಿತ್ತು, 88 ಜನ ಸತ್ತರು. ನೀರಿನಿಂದ ಎತ್ತಿದ ಆ ಸ್ಕ್ರೂಗೆ ನಟ್ಟಿನ ಒಳಗಿನ ಥ್ರೆಡ್‌ಗಳು ಕಿತ್ತು ಸುತ್ತಿಕೊಂಡಿದ್ದವು. ಕೆಲಸ ಮಾಡಬೇಕಾದ ಜಾಗದಲ್ಲಿ ಗ್ರೀಸೇ ಇರಲಿಲ್ಲ. ಇದನ್ನು ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಹೆಲಿಕಾಪ್ಟರ್‌ ಇನ್ನೂ ಸೂಕ್ಷ್ಮ. 2016ರಲ್ಲಿ ನಾರ್ವೆಯಲ್ಲಿ ಗೇರ್‌ಬಾಕ್ಸಿನ ಒಂದು ಗೇರ್ ಬಿರುಕು ಬಿಟ್ಟು, ಮೇಲೆ ತಿರುಗುವ ರೆಕ್ಕೆಗಳೇ (ರೋಟರ್) ಕಳಚಿ ಹೋಗಿ 13 ಜನ ತೀರಿಕೊಂಡರು. ಹಾಗಾಗಿ ಹೊರಗಿಂದ ಟಾರ್ಚ್ ಬಿಟ್ಟು ನೋಡಿ ಸಹಿ ಹಾಕಿದರೆ ಆಗಲ್ಲ.

ವಿಮಾನ ನೆಲದ ಮೇಲೆ ನಿಂತರೆ ಕಂಪನಿಗೆ ನಷ್ಟ, ಟಿಕೆಟ್ ದರ ಏರುತ್ತೆ ಅಂತಾರೆ. ಏರಲಿ, ನಾನು ಕೊಡ್ತೀನಿ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ಡಿಜಿಸಿಎಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹುದ್ದೆ ಖಾಲಿ ಅಂತ 2025ರಲ್ಲಿ ಸಂಸದೀಯ ಸಮಿತಿಯೇ ಹೇಳಿದೆ. ಪರೀಕ್ಷೆ ಮಾಡುವವರೇ ಇಲ್ಲದೆ ನಿಯಮ ಬರೆದಿಟ್ಟು ಏನು ಪ್ರಯೋಜನ? ಮೊದಲು ಆ ಹುದ್ದೆ ತುಂಬಿ. ಜೀವಕ್ಕೆ ಸಂಬಂಧಿಸಿದ ಸಲಹೆ ಹೊರಗಿಂದ ಬಂದ ಕೂಡಲೇ ಇಲ್ಲಿ ಗಡುವು ಹಾಕಿ ಕಡ್ಡಾಯ ಮಾಡಿ.

ಇನ್ನು ಜಿಲ್ಲಾಡಳಿತಕ್ಕೂ ಪ್ರವಾಸೋದ್ಯಮ ಇಲಾಖೆಗೂ ನನ್ನ ಬೇಡಿಕೆ ಸಣ್ಣದು. ಈ ಸಲ ದಸರಾ ರೈಡ್ ಇದ್ದರೆ, ದರಪಟ್ಟಿಯ ಪಕ್ಕದಲ್ಲೇ ಆ ಹೆಲಿಕಾಪ್ಟರಿನ ನೋಂದಣಿ ಸಂಖ್ಯೆ, ಪ್ರಮಾಣಪತ್ರದ ಕೊನೆಯ ದಿನಾಂಕ, ಕೊನೆಯ ತಪಾಸಣೆ ಯಾವಾಗ ಆಯಿತು, ಇಷ್ಟನ್ನು ಕನ್ನಡದಲ್ಲಿ ಬರೆದು ಹಾಕಿಸಿ.