ಬೇಸಿಗೆಯ ಸೇಬು ಮತ್ತು ಫಾರ್ಮಾಲಿನ್: ಒಂದು ಸ್ಪಷ್ಟನೆ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: "ಕಾಶ್ಮೀರದಲ್ಲಿ ಸೇಬು ಕೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟ್ ಪ್ರದೇಶದ ತಳ್ಳುಬಂಡಿಗಳ ಮೇಲಿರುವುದು ಫಾರ್ಮಾಲಿನ್‌ನಲ್ಲಿ ಅದ್ದಿಟ್ಟ ಹಣ್ಣು, ತಿನ್ನಬೇಡಿ." (ಫಾರ್ಮಾಲಿನ್ ಎಂದರೆ ಶವ ಕೆಡದಂತೆ ಇಡಲು ಬಳಸುವ ವಿಷಕಾರಿ ರಾಸಾಯನಿಕ.) ಕೊಯ್ಲಿನ ಕಾಲ ಸರಿಯೇ ಇದೆ. ತೀರ್ಮಾನ ತಪ್ಪು: ಮೇ ತಿಂಗಳಲ್ಲಿ ಸಿಗುವ ಕಾಶ್ಮೀರದ ಸೇಬು ಶೀತಲಗೃಹದಲ್ಲಿ ಕಾದಿಟ್ಟದ್ದು.

ಕಿತ್ತ ಮೇಲೂ ಸೇಬು ಉಸಿರಾಡುತ್ತದೆ, ಎಥಿಲೀನ್ ಅನಿಲ ಬಿಡುತ್ತ ಮಾಗುತ್ತ ಹೋಗುತ್ತದೆ. ನಿಯಂತ್ರಿತ ವಾತಾವರಣದ ಶೀತಲಗೃಹದಲ್ಲಿ ಉಷ್ಣತೆ ಸುಮಾರು 0ರಿಂದ 3 ಡಿಗ್ರಿ, ತೇವಾಂಶ ಶೇ. 90ರಿಂದ 95. ಹೊರಗಿನ ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕವನ್ನು ಅಲ್ಲಿ ಶೇ. 1ರಿಂದ 3ಕ್ಕೆ ಇಳಿಸಿರುತ್ತಾರೆ. ಉಸಿರಾಟ ನಿಧಾನವಾಗುತ್ತದೆ, ತಳಿಗೆ ತಕ್ಕಂತೆ ಹಣ್ಣು ಆರು ತಿಂಗಳು, ಅದಕ್ಕೂ ಹೆಚ್ಚು ಕಾಲ ಗಟ್ಟಿಯಾಗಿ ಉಳಿಯುತ್ತದೆ. ಕೆಲವೆಡೆ ಎಥಿಲೀನ್ ತಡೆಯುವ ಅನಿಲವನ್ನೂ ಬಳಸುತ್ತಾರೆ. ಅದು ಫಾರ್ಮಾಲಿನ್ ಅಲ್ಲ. ಅಂದಹಾಗೆ, ಹೊರದೇಶದ ಸೇಬೂ ಇಲ್ಲಿಗೆ ಬರುತ್ತದೆ; ನ್ಯೂಜಿಲೆಂಡ್, ಚಿಲಿಯಲ್ಲಿ ಕೊಯ್ಲು ನಡೆಯುವುದೇ ಫೆಬ್ರುವರಿಯಿಂದ ಮೇವರೆಗೆ.

ಹಾಗಂತ ದಾಸ್ತಾನಿನ ಹಣ್ಣು ಹೊಸದರಷ್ಟೇ ಚೆಂದ ಎಂದು ನಾನು ಹೇಳಲಾರೆ. ಹುಳಿ, ಪರಿಮಳ, ಸಿ ಜೀವಸತ್ವ ಕಡಿಮೆಯಾಗಿರುತ್ತವೆ. ನಿಜವಾಗಿ ಹಣ್ಣು ಕೆಡುವುದು ಶೀತಲಗೃಹದಿಂದ ಹೊರಬಂದು ನಮ್ಮ 40 ಡಿಗ್ರಿ ಬಿಸಿಲಿಗೆ ಬಿದ್ದ ಮೇಲೆ: ನಾಲ್ಕಾರು ದಿನಗಳಲ್ಲಿ ತಿರುಳು ಹಿಟ್ಟುಹಿಟ್ಟಾಗುತ್ತದೆ, ಸಿಪ್ಪೆ ಸುಕ್ಕಾಗುತ್ತದೆ. ಅದು ವಿಷದ ಗುರುತಲ್ಲ, ಸೆಕೆಯ ಕೆಲಸ. ಆದ್ದರಿಂದ ತಂದ ದಿನವೇ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಸೊಪ್ಪಿನ ಪಕ್ಕ ಮಾತ್ರ ಬೇಡ. ಎಥಿಲೀನ್ ತಗುಲಿ ಸೊಪ್ಪು ಹಳದಿಯಾಗುತ್ತದೆ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.